ಒಂದು ರಾತ್ರಿ, ಮೂರು ಹಾಡು



ಇವತ್ತು ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ಒಂಬತ್ತು ದಿನದ ಹಿಂದೆ ನನಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದ್ದು ನಮ್ಮ ಹಳೇ ಹಾಡಿನ ತಂಡದಲ್ಲಿ ತಮಟೆ ಬಾರಿಸ್ತಿದ್ದ ಅಣ್ಣ. ಹೋದ ವರ್ಷ ಅವನಿಗೆ ಸ್ಟ್ರೋಕ್ ಆಗಿ ಎಡಗೈ ಏಳ್ತಿಲ್ಲ, ಮಾತೂ ತೊದಲುತ್ತೆ. "ಡಿಸೆಂಬರ್ ಆರಕ್ಕೆ ನಮ್ಮ ಕೇರಿಲಿ ಒಂದು ಸಣ್ಣ ಕಾರ್ಯಕ್ರಮ ಮಾಡಾಣ ಕಣಪ್ಪ. ಅವ್ನೂ ಬರ್ತೀನಿ ಅಂದವ್ನೆ. ನೀನು ಬಂದ್ರೆ ಎಲ್ಲಾರೂ ಸೇರ್ದಂಗಾಯ್ತದೆ" ಅಂದಿದ್ದ. 'ಅವ್ನು' ಅಂದ್ರೆ ನಮ್ಮ ಹಾಡುಗಾರ. ನಾನೂ ಅವನೂ ಮಾತು ಬಿಟ್ಟು 19 ವರ್ಷ ಆಯ್ತು.

ಆ ಮೆಸೇಜಿಗೆ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ಬದಲಿಗೆ ರಾತ್ರಿ ಹೊತ್ತು ಕೂತ್ಕೊಂಡು ಆಡಿಯೋಸ್ಲೇವ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಹಾಡು ಕೇಳ್ತಿದ್ದೆ, ಹಳೇ ವಿಡಿಯೋ ನೋಡ್ತಿದ್ದೆ. "ಈ ವಯಸ್ಸಲ್ಲಿ ಇದೇನ್ರೀ ಈ ಕಿರುಚಾಟ?" ಅಂದ್ಲು ನನ್ನ ಹೆಂಡ್ತಿ. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ.

2003. ಬೆಂಗಳೂರಿನ ಹಾಸ್ಟೆಲಲ್ಲಿದ್ದುಕೊಂಡು ಎಂ.ಎ. ಓದ್ತಿದ್ದೆ. ಪಕ್ಕದ ರೂಮಲ್ಲಿ ಕೊಹಿಮಾದ ಗೆಳೆಯನೊಬ್ಬ ಇದ್ದ. ಅವನ ಹತ್ರ ಒಂದು ಹಳೇ ಕಂಪ್ಯೂಟರು, ಎರಡು ಸ್ಪೀಕರು, ಒಂದು ರಾಶಿ ಎಂಪಿ3 ಸಿ.ಡಿ. ಅವನ ಭಾಷೆ ನನಗೆ ಬರ್ತಿರಲಿಲ್ಲ, ನನ್ನ ಇಂಗ್ಲಿಷು ಅವನಿಗೆ ಅರ್ಥ ಆಗ್ತಿರಲಿಲ್ಲ. ಆದ್ರೆ ಮೆಸ್ಸಿನಲ್ಲಿ ನಮ್ಮಿಬ್ಬರ ತಟ್ಟೆ ಪಕ್ಕ ಕೂರೋಕೆ ಹಿಂದೇಟು ಹಾಕೋರು ಒಂದೇ ಜನ. ಹಂಗಾಗಿ ಗೆಳೆತನ ಬೇಗ ಆಯ್ತು. ನಾನು ಹೋರಾಟದ ಹಾಡು ಬರೀತೀನಿ, ಶನಿವಾರ ಭಾನುವಾರ ಊರಿಗೆ ಹೋಗಿ ತಂಡದ ಜೊತೆ ಹಾಡ್ತೀನಿ ಅಂತ ಗೊತ್ತಾದ ದಿನ ಅವನು ಬಾಗಿಲು ಹಾಕಿ, ಜೋರಾಗಿ ಒಂದು ಹಾಡು ಹಾಕ್ದ. ಅದು ರೇಜ್ ಎಗೆನ್ಸ್ಟ್ ದ ಮಷೀನ್. ಯಂತ್ರದ ವಿರುದ್ಧದ ಕ್ರೋಧ ಅಂತ ಹೆಸರಿನ ಅರ್ಥ.

ಪದ ಒಂದೂ ತಿಳೀಲಿಲ್ಲ, ಸಿಟ್ಟು ಮಾತ್ರ ತಿಳೀತು. ನಮ್ಮ ತಮಟೆ ಅಣ್ಣ ಬೆಂಕಿಗೆ ಕಾಯಿಸಿ ಹದ ಮಾಡಿದ ತಮಟೆಗೆ ಮೊದಲ ಏಟು ಹೊಡೆದಾಗ ಎದೆ ಒಳಗೆ ಏನಾಗುತ್ತೋ ಅದೇ ಆಯ್ತು.

ರೇಜ್ ಹುಟ್ಟಿದ್ದು 1991ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ನಾಲ್ಕು ಜನ. ಹಾಡುಗಾರ ಝ್ಯಾಕ್ ಡಿ ಲಾ ರೋಚಾ, ಮೆಕ್ಸಿಕನ್ ಮೂಲದ ಚಿತ್ರಕಲಾವಿದನ ಮಗ. ಗಿಟಾರ್ ಟಾಮ್ ಮೊರೆಲ್ಲೊ. ಅವನ ಅಪ್ಪ ಕೀನ್ಯಾದವರು, ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಪರವಾಗಿ ಕೆಲಸ ಮಾಡಿದವರು. ಅಮ್ಮ ಮೇರಿ ಬಿಳಿಯರು, ಶಾಲಾ ಟೀಚರು. ಮಗನನ್ನ ಬೆಳೆಸಿದ್ದು ಅಮ್ಮನೇ, ಇಲಿನಾಯ್ ರಾಜ್ಯದ ಲಿಬರ್ಟಿವಿಲ್ ಅನ್ನೋ ಬಿಳಿಯರ ಊರಲ್ಲಿ. ಊರಿನ ಹೆಸರಲ್ಲೇ ಸ್ವಾತಂತ್ರ್ಯ ಇದೆ. ಅಲ್ಲಿ ತಮ್ಮನೆ ಗ್ಯಾರೇಜಿನಲ್ಲಿ ಯಾರೋ ನೇಣಿನ ಕುಣಿಕೆ ತೂಗುಹಾಕಿ ಹೋಗಿದ್ದನ್ನ ಮೊರೆಲ್ಲೊ ದೊಡ್ಡವನಾದ ಮೇಲೆ ಹೇಳ್ಕೊಂಡಿದಾನೆ. ಹಾರ್ವರ್ಡ್‌ನಲ್ಲಿ ಓದಿ, 1986ರಲ್ಲಿ ಪದವಿ ತಗೊಂಡು, ಗಿಟಾರ್ ಹಿಡ್ಕೊಂಡು ಲಾಸ್ ಏಂಜಲೀಸಿಗೆ ಬಂದವನು. ಜೊತೆಗೆ ಬೇಸ್ ಗಿಟಾರ್‌ಗೆ ಟಿಮ್ ಕಾಮರ್ಫೋರ್ಡ್, ಡ್ರಮ್ಸ್‌ಗೆ ಬ್ರಾಡ್ ವಿಲ್ಕ್.

ಇವರು ಬರೀ ಹಾಡಲ್ಲಿ ಕೂಗಾಡಿದವರಲ್ಲ. 2000ನೇ ಇಸವಿ ಜನವರಿಯಲ್ಲಿ ಮೈಕೆಲ್ ಮೂರ್ ನಿರ್ದೇಶನದ ವಿಡಿಯೋಗಾಗಿ ವಾಲ್ ಸ್ಟ್ರೀಟಿನಲ್ಲೇ ನಿಂತು ಬಾರಿಸಿದ್ರು. ಸ್ಟಾಕ್ ಎಕ್ಸ್‌ಚೇಂಜ್ ಬಾಗಿಲು ಹಾಕ್ಕೊಳ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೀತಿದ್ದ ಕಟ್ಟಡದ ಎದುರಿಗೇ ಪುಕ್ಕಟೆ ಕಾರ್ಯಕ್ರಮ ಕೊಟ್ರು. ಆ ರಾತ್ರಿ ಪೊಲೀಸರು ರಬ್ಬರ್ ಗುಂಡು ಹಾರಿಸಿ ಜನರನ್ನ ಚದುರಿಸಿದ್ರು. ಇಷ್ಟೆಲ್ಲ ಮಾಡ್ತಾ ಅವರ ಕ್ಯಾಸೆಟ್ಟು ಸಿ.ಡಿ. ಮಾರ್ತಿದ್ದುದು ಸೋನಿಗೆ ಸೇರಿದ ಎಪಿಕ್ ಕಂಪನಿ. "ಯಂತ್ರದ ವಿರುದ್ಧ ಅಂತೀರಿ, ಯಂತ್ರದ ಒಳಗೇ ಇದೀರಲ್ಲ?" ಅಂತ ಅವರನ್ನ ಕೇಳಿದವರು ಅಮೆರಿಕದಲ್ಲೂ ಬೇಕಾದಷ್ಟು ಜನ. ಈ ಪ್ರಶ್ನೆ ನಮಗೇನು ಹೊಸದಲ್ಲ ಬಿಡಿ. ಸರ್ಕಾರಿ ಕೆಲಸದಲ್ಲಿರೋ ನಮ್ಮವರಿಗೂ, ಪಕ್ಷ ಸೇರಿದ ನಮ್ಮವರಿಗೂ ದಿನಾ ಬೀಳೋ ಪ್ರಶ್ನೆ ಇದು.

ಅಧಿವೇಶನದ ಆ ಕಾರ್ಯಕ್ರಮ ಆಗಿ ಎರಡೇ ತಿಂಗಳು. 2000ದ ಅಕ್ಟೋಬರ್‌ನಲ್ಲಿ ಝ್ಯಾಕ್ ತಂಡ ಬಿಟ್ಟ. ಬಿಡುವಾಗ ಅವನು ಹೇಳಿದ್ದರ ಸಾರ ಏನಪ್ಪಾ ಅಂದ್ರೆ, ನಾವು ನಾಲ್ವರೂ ಕೂತು ತೀರ್ಮಾನ ತಗೊಳ್ಳೋ ಪ್ರಕ್ರಿಯೆನೇ ಕುಸಿದುಬಿದ್ದಿದೆ. ಇದನ್ನ ಆ ಗೆಳೆಯ ಓದಿ ಹೇಳಿದಾಗ ನಾನು ನಕ್ಕುಬಿಟ್ಟೆ. ಸಂಘಟನೆಯಲ್ಲಿ ಹತ್ತು ವರ್ಷ ಇದ್ದವರಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ಹೊರಗಿನ ಶತ್ರು ಯಾರು ಅನ್ನೋದರಲ್ಲಿ ನಾಲ್ವರಿಗೂ ಒಮ್ಮತ ಇರುತ್ತೆ. ಮುಂದಿನ ಕಾರ್ಯಕ್ರಮ ಯಾವ ದಿನ, ಯಾರು ಮೊದಲು ಮಾತಾಡಬೇಕು ಅನ್ನೋದಕ್ಕೆ ಮುರಿದುಬೀಳುತ್ತೆ.

ಹಾಡುಗಾರ ಹೋದ. ಉಳಿದ ಮೂವರು ಒಟ್ಟಿಗೇ ಉಳಿದ್ರು. ಆಡಿಯೋಸ್ಲೇವ್ ಕತೆಯಲ್ಲಿ ನನಗೆ ಮೊದಲು ಹಿಡಿಸಿದ್ದೇ ಇದು. ಸಾಮಾನ್ಯವಾಗಿ ಒಬ್ಬ ಹೋದ್ರೆ ಒಂದು ವಾರದಲ್ಲಿ ನಾಲ್ಕು ಲೆಟರ್‌ಹೆಡ್ ಪ್ರಿಂಟಾಗುತ್ತೆ. ಇವರು ಹಾಗೆ ಮಾಡಲಿಲ್ಲ, ಹೊಸ ದನಿ ಹುಡುಕೋಕೆ ಹೊರಟ್ರು. ರಿಕ್ ರೂಬಿನ್ ಅನ್ನೋ ಸಂಗೀತ ನಿರ್ಮಾಪಕ ಒಂದು ಹೆಸರು ಹೇಳಿದ: ಕ್ರಿಸ್ ಕಾರ್ನೆಲ್.

ಕಾರ್ನೆಲ್ ಸಿಯಾಟಲ್ ನಗರದವನು. ಅಲ್ಲಿ 1984ರಲ್ಲಿ ಸೌಂಡ್‌ಗಾರ್ಡನ್ ಅನ್ನೋ ತಂಡ ಕಟ್ಟಿದವರಲ್ಲಿ ಒಬ್ಬ. 1994ರ ಹೊತ್ತಿಗೆ ಲೋಕಕ್ಕೆಲ್ಲ ಗೊತ್ತಾಗಿದ್ದ ಆ ತಂಡ 1997ರಲ್ಲಿ ಒಡೆದಿತ್ತು. ಕಾರ್ನೆಲ್ ದನಿ ಹೆಂಗಿತ್ತು ಅಂತ ಬರೆದು ತೋರಿಸೋದು ಕಷ್ಟ. ತಗ್ಗಿನಲ್ಲಿ ಮಾತಾಡ್ಸ್ತಾ ಮಾತಾಡ್ಸ್ತಾ ಇದ್ದಕ್ಕಿದ್ದಂಗೆ ಗುಡ್ಡದ ಮೇಲಿಂದ ಕೂಗಿದಂಗೆ ಏರೋದು. ಅವನ ಹಾಡುಗಳಲ್ಲಿ ಸಾವು, ಒಂಟಿತನ, ದೇವರ ಜೊತೆ ಜಗಳ. ಬೀದಿ ಹೋರಾಟ ಇಲ್ಲವೇ ಇಲ್ಲ ಅನ್ನಬಹುದು.

ಹೆಸರು ಮಾಡಿದ ಬೇರೆ ಬೇರೆ ತಂಡಗಳ ಜನ ಸೇರಿ ಹೊಸ ತಂಡ ಕಟ್ಟಿದ್ರೆ ಅದನ್ನ ಸೂಪರ್‌ಗ್ರೂಪ್ ಅಂತಾರೆ. 1966ರಲ್ಲಿ ಇಂಗ್ಲೆಂಡಿನಲ್ಲಿ ಕ್ರೀಮ್ ಅನ್ನೋ ತಂಡ ಶುರುವಾದ ಕಾಲದಿಂದ ಈ ಮಾತು ಚಾಲ್ತಿಗೆ ಬಂದಿದೆ. ಸೂಪರ್‌ಗ್ರೂಪ್ ಅಂದ್ರೆ ಜನಕ್ಕೆ ಅನುಮಾನ. ದುಡ್ಡಿಗೆ ಸೇರಿದವರು, ನಾಲ್ಕು ದಿನ ಇರ್ತಾರೆ ಅಂತ. ಇವರು 2001ರಲ್ಲಿ ಒಂದೇ ರೂಮಲ್ಲಿ ಕೂತು 19 ದಿನಕ್ಕೆ 21 ಹಾಡು ಕಟ್ಟಿದ್ರು. ದುಡ್ಡಿಗೆ ಸೇರಿದವರ ಕೈಲಿ ಅದಾಗಲ್ಲ. ಒಂಬತ್ತು ತಿಂಗಳು ಸುಮ್ಮನಿದ್ದು ಮತ್ತೆ ತಮಟೆ ಹಿಡಿದವನಿಗೆ ಮಾತ್ರ ಆ ವೇಗ ಬರುತ್ತೆ.

ಆದ್ರೆ ಮೊದಲನೇ ಒಡಕೂ ಅಷ್ಟೇ ಬೇಗ ಬಂತು. 2002ರ ಮಾರ್ಚ್‌ನಲ್ಲಿ, ಮೊದಲ ಆಲ್ಬಂ ಹೊರಗೆ ಬರೋ ಮುಂಚೆನೇ, ಕಾರ್ನೆಲ್ ಬಿಟ್ಟುಹೋದ. ಕಾರಣ ಹಾಡಲ್ಲ, ಮ್ಯಾನೇಜರುಗಳು. ರೇಜ್ ಮೂವರಿಗೆ ಒಂದು ಮ್ಯಾನೇಜ್‌ಮೆಂಟು, ಕಾರ್ನೆಲ್‌ಗೆ ಇನ್ನೊಂದು, ಎರಡಕ್ಕೂ ಎಣ್ಣೆ ಸೀಗೇಕಾಯಿ. ಕೊನೆಗೆ ನಾಲ್ವರೂ ಕೂತು ಎರಡೂ ಕಡೆಯವರನ್ನ ಬಿಟ್ಟು ಮೂರನೆಯವರನ್ನ ಇಟ್ಕೊಂಡ್ರು. ರೆಕಾರ್ಡ್ ಕಂಪನಿ ಜಗಳಾನೂ ಹಂಗೇ: ಎಪಿಕ್, ಇಂಟರ್‌ಸ್ಕೋಪ್ ಎರಡೂ ಸೇರಿ ಆಲ್ಬಂ ತರೋದು ಅಂತ ರಾಜಿ ಆಯ್ತು. ನಮ್ಮಲ್ಲಿ ಬ್ಯಾನರಿನ ಮೇಲೆ ಎರಡು ಸಂಘಟನೆಯ ಹೆಸರು ಯಾವ ಸೈಜಲ್ಲಿ ಬರಬೇಕು ಅಂತ ರಾತ್ರಿಯೆಲ್ಲ ಚರ್ಚೆ ಮಾಡ್ತೀವಲ್ಲ, ಹೆಚ್ಚುಕಮ್ಮಿ ಅದೇ. ತಂಡದ ಹೆಸರಿಗೂ ತಕರಾರು. ಕಾರ್ನೆಲ್ ಹೇಳಿದ 'ಆಡಿಯೋಸ್ಲೇವ್' ಹೆಸರಿಟ್ಟ ಮೇಲೆ ಗೊತ್ತಾಯ್ತು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅದೇ ಹೆಸರಿನ ಸಣ್ಣ ತಂಡ ಆಗಲೇ ಇದೆ ಅಂತ. ಅವರಿಗೆ ದುಡ್ಡು ಕೊಟ್ಟು ಒಪ್ಪಂದ ಮಾಡ್ಕೊಂಡ್ರು. ನಿಜ ಹೇಳಬೇಕಂದ್ರೆ 'ಗುಲಾಮ' ಅನ್ನೋ ಪದವನ್ನ ಹೆಸರಲ್ಲಿ ಇಟ್ಕೊಂಡಿದ್ದು ನನಗೆ ಇವತ್ತಿಗೂ ಸರಿ ಕಾಣಲ್ಲ.

2002ರ ನವೆಂಬರ್‌ನಲ್ಲಿ ಆಲ್ಬಂ ಬಂತು. ಅಮೆರಿಕವೊಂದರಲ್ಲೇ 30 ಲಕ್ಷಕ್ಕೂ ಮೇಲೆ ಹೋಯ್ತು. ಮೊದಲ ಹಾಡಿಗೆ 'ಕೊಚೀಸ್' ಅಂತ ಹೆಸರು. ಕೊಚೀಸ್ ಅಪಾಚೆ ಮೂಲನಿವಾಸಿಗಳ ನಾಯಕ. 1861ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಅಮೆರಿಕದ ಸೇನೆಯನ್ನ ಕಾಡಿಸಿದವನು. ಆ ಹೆಸರಿಟ್ಟವನು ಮೊರೆಲ್ಲೊ. ತಮಾಷೆ ಏನಂದ್ರೆ ಹಾಡಿನೊಳಗೆ ಕೊಚೀಸ್ ಇಲ್ಲ. ಹೆಸರು ಮೊರೆಲ್ಲೊದು, ಪದ ಕಾರ್ನೆಲ್‌ದು.

ಇದೇ ವಿಷಯಕ್ಕೆ ಹಾಸ್ಟೆಲಲ್ಲಿ ನಾನೂ ಕೊಹಿಮಾದವನೂ ಜಗಳ ಆಡಿದ್ದು. ಆಗ ಇರಾಕಿನ ಮೇಲೆ ಬಾಂಬು ಬೀಳ್ತಿತ್ತು. "ಇಂಥ ಹೊತ್ತಲ್ಲಿ ರೇಜ್ ಇದ್ದಿದ್ರೆ ಬೆಂಕಿ ಉಗುಳ್ತಿದ್ರು. ಈ ಕಾರ್ನೆಲ್ ದೇವರು, ಸಾವು ಅಂತ ಕೂತವ್ನೆ. ಇದು ರಾಜಿ" ಅಂದೆ. ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಮ್ಮೂರಲ್ಲಿ ಬಂದೂಕು ನೋಡ್ಕೊಂಡೇ ಬೆಳೆದೋರು ನಾವು. ನಮಗೆ ಹಗಲಿಗೆ ರೇಜ್ ಬೇಕು. ರಾತ್ರಿ ನಿದ್ದೆ ಬರದೇ ಇದ್ದಾಗ ಇವನು ಬೇಕು." ನಾನು ಆಗ ಒಪ್ಪಲಿಲ್ಲ. ಹೋರಾಟಗಾರನಿಗೆ ರಾತ್ರಿ ಅಂತ ಒಂದಿರುತ್ತೆ ಅನ್ನೋದು ನನಗಿನ್ನೂ ಗೊತ್ತಿರಲಿಲ್ಲ.

ತಂಡದ ಒಳಗೂ ಈ ಎಳೆದಾಟ ಇತ್ತು. ರಾಜಕೀಯ ಪದ ಬರೆಯೋ ಉಮೇದು ಕಾರ್ನೆಲ್‌ಗೆ ಇರಲಿಲ್ಲ. ಮೊರೆಲ್ಲೊಗೆ ಅದಿಲ್ಲದೆ ಉಸಿರಾಡೋಕಾಗಲ್ಲ. ಅವರು ಕಂಡುಕೊಂಡ ದಾರಿ ಹೀಗಿತ್ತು: ವೇದಿಕೆ ಮೇಲೆ ಕಾರ್ನೆಲ್‌ನ ಹಾಡು, ವೇದಿಕೆ ಹೊರಗೆ ಮೊರೆಲ್ಲೊನ ರಾಜಕೀಯ. ಸಿಸ್ಟಮ್ ಆಫ್ ಎ ಡೌನ್ ತಂಡದ ಸರ್ಜ್ ಟ್ಯಾಂಕಿಯನ್ ಜೊತೆ ಸೇರಿ ಮೊರೆಲ್ಲೊ 2002ರಲ್ಲಿ ಆಕ್ಸಿಸ್ ಆಫ್ ಜಸ್ಟೀಸ್ ಅನ್ನೋ ಸಂಸ್ಥೆ ಕಟ್ಟಿದ್ದ. 2003ರ ಲೊಲ್ಲಾಪಲೂಜಾ ಪ್ರವಾಸದಲ್ಲಿ ಆಡಿಯೋಸ್ಲೇವ್ ಹಾಡ್ತಿದ್ರೆ, ಮೈದಾನದಲ್ಲಿ ಅದರ ಟೆಂಟು ಇರ್ತಿತ್ತು. ಹಾಡು ಕೇಳೋಕೆ ಬಂದ ಹುಡುಗರು ಕರಪತ್ರ ಹಿಡ್ಕೊಂಡು ಮನೆಗೆ ಹೋಗ್ತಿದ್ರು. ನಮ್ಮ ಜಾಥಾಗಳಲ್ಲಿ ಹಾಡು ಮುಗಿದ ಮೇಲೆ ಪುಸ್ತಕದ ಟೇಬಲ್ ಹತ್ರ ಜನ ಸೇರ್ತಿದ್ರಲ್ಲ, ಹಂಗೆ.

ಈ ಹೊಂದಾಣಿಕೆ ಅತ್ಯಂತ ಚೆಂದವಾಗಿ ಕಂಡಿದ್ದು ಕ್ಯೂಬಾದಲ್ಲಿ. 2005ರ ಮೇ 6. ಹವಾನಾ ನಗರದಲ್ಲಿ ಹೊಸೆ ಮಾರ್ತಿ ಹೆಸರಿನ ಸಾಮ್ರಾಜ್ಯಶಾಹಿ ವಿರೋಧಿ ವೇದಿಕೆ ಅಂತಲೇ ಒಂದು ಬಯಲು ಇದೆ, ಅಮೆರಿಕದ ರಾಜತಾಂತ್ರಿಕ ಕಚೇರಿಯ ಎದುರಿಗೇ. ಎರಡು ಸರ್ಕಾರಗಳ ಅನುಮತಿ ತಗೊಂಡು ಈ ನಾಲ್ವರು ಅಲ್ಲಿಗೆ ಹೋಗಿ ಪುಕ್ಕಟೆ ಹಾಡಿದ್ರು. ಕ್ಯೂಬಾದ ಬಯಲಲ್ಲಿ ಅಷ್ಟು ದೊಡ್ಡದಾಗಿ ಹಾಡಿದ ಮೊದಲ ಅಮೆರಿಕನ್ ರಾಕ್ ತಂಡ ಇದೇ. ಹತ್ತಿರ ಹತ್ತಿರ 70 ಸಾವಿರ ಜನ. ಆ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. ಮೊದಮೊದಲು ಹಳೇ ತಂಡಗಳ ಹಾಡು ಬೇಡ ಅಂತಿದ್ದವರು ಈಗ ರೇಜ್ ಹಾಡೂ ಹಾಡ್ತಿದ್ರು, ಸೌಂಡ್‌ಗಾರ್ಡನ್ ಹಾಡೂ ಹಾಡ್ತಿದ್ರು. ಅವತ್ತು ಕಾರ್ನೆಲ್ ಝ್ಯಾಕ್‌ನ ಪದಗಳನ್ನ ತನ್ನ ಗಂಟಲಿನಿಂದ ಹಾಡಿದ. ಮೂವರು ಅವನ ಹಳೇ ಹಾಡಿಗೆ ಬಾರಿಸಿದ್ರು.

ಅದೇ ವರ್ಷ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂತು. ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪುಜನ, ಬಡವರು ಮನೆ ಸೂರಿನ ಮೇಲೆ ಕೂತು ಕೈ ಬೀಸ್ತಾ ಸರ್ಕಾರಕ್ಕೆ ಕಾಯ್ತಿದ್ದ ಚಿತ್ರ ನಾವೆಲ್ಲ ಟಿ.ವಿ.ಲಿ ನೋಡಿದ್ದೀವಿ. ಕಾರ್ನೆಲ್ ಸುಮ್ಮನಿರಲಿಲ್ಲ. 2006ರಲ್ಲಿ ಬಂದ ಮೂರನೇ ಆಲ್ಬಂ 'ರೆವೆಲೇಶನ್ಸ್'ನಲ್ಲಿ 'ವೈಡ್ ಅವೇಕ್' ಅಂತ ಒಂದು ಹಾಡಿದೆ. ಆ ದುರಂತದ ಹೊತ್ತಲ್ಲಿ ಆಳುವವರು ನಡ್ಕೊಂಡ ರೀತಿಗೆ ಹಾಕಿದ ಛೀಮಾರಿ ಅದು. ರಾಜಕೀಯ ಬರೆಯಲ್ಲ ಅಂದವನೇ ಬರೆದ. ಯಾರೂ ಅವನ ಕಾಲರ್ ಹಿಡಿದು ಬರೆಸಿದ್ದಲ್ಲ.

ಮೂರು ಆಲ್ಬಂ ಕಟ್ಟಿದವರು ಇನ್ನು ಒಡೆಯಲ್ಲ ಅಂತ ಅಂದುಕೊಂಡಿದ್ದೆ. ಆದ್ರೆ ಆ ಆಲ್ಬಂ ಬಂದ ಮೇಲೆ ಪ್ರವಾಸವೇ ಆಗಲಿಲ್ಲ. ಕಾರ್ನೆಲ್ ಒಬ್ಬನೇ ಬೇರೆ ಆಲ್ಬಂ ಮಾಡೋಕೆ ಕೂತ. 2007ರ ಜನವರಿಯಲ್ಲಿ ರೇಜ್ ನಾಲ್ವರು ಏಪ್ರಿಲ್‌ನ ಕೊಚೆಲ್ಲಾ ಉತ್ಸವಕ್ಕೆ ಮತ್ತೆ ಒಂದಾಗ್ತಾರೆ ಅಂತ ಸುದ್ದಿ ಬಂತು. ಫೆಬ್ರವರಿ 15ಕ್ಕೆ ಕಾರ್ನೆಲ್ ಹೇಳಿಕೆ ಕೊಟ್ಟ. ಸರಿಪಡಿಸೋಕಾಗದ ಸ್ವಭಾವದ ಜಗಳ, ಸಂಗೀತದ ಭಿನ್ನಾಭಿಪ್ರಾಯ, ಹಾಗಾಗಿ ಆಡಿಯೋಸ್ಲೇವ್ ಬಿಡ್ತಿದ್ದೀನಿ ಅಂತ. ಅಷ್ಟೇ. ಆರು ವರ್ಷಕ್ಕೆ ಒಂದು ಪತ್ರಿಕಾ ಹೇಳಿಕೆ.

ನಮ್ಮ ತಂಡ ಒಡೆದಿದ್ದು ಅದಕ್ಕೆ ಕೆಲವು ತಿಂಗಳ ಮುಂಚೆ, 2006ರಲ್ಲಿ. ಪತ್ರಿಕಾ ಹೇಳಿಕೆಯೂ ಇಲ್ಲ, ಎರಡು ಬೈಗುಳ ಅಷ್ಟೇ. ಐದು ಜನ ಇದ್ವಿ. 1999ರಿಂದ ತುಮಕೂರು ಜಿಲ್ಲೆ ಕೇರಿ ಕೇರಿ ತಿರುಗಿದ್ವಿ. ಒಬ್ಬರ ಮನೇಲಿ ಮುದ್ದೆ, ಇನ್ನೊಬ್ಬರ ಮನೆ ಜಗಲೀಲಿ ನಿದ್ದೆ. ಪದ ನಂದು, ದನಿ ಅವನದು. ಒಂದು ಪಕ್ಷದವರು ಚುನಾವಣೆ ವೇದಿಕೆಗೆ ಕರೆದ್ರು, ದುಡ್ಡು ಕೊಡ್ತೀವಿ ಅಂದ್ರು. ಅವನು ಹೋಗಾಣ ಅಂದ. ನಾನು ಕೇರಿಯವರ ಎದುರಿಗೇ "ಗಂಟಲು ಮಾರ್ಕೊಂಡೋನು" ಅಂದೆ. ಅವನು "ಬರ್ದುಬಿಟ್ರೆ ಹಾಡಾಗ್ತದಾ? ನಿನ್ ಕಾಗದ ತಗೊಂಡೋಗಿ ಒಲೆಗಾಕು" ಅಂದ. ತಮಟೆ ಅಣ್ಣ ನಮ್ಮಿಬ್ಬರ ಮಧ್ಯೆ ನಿಂತಿದ್ದ, ಕೈಯಲ್ಲಿ ಕೋಲು ಹಿಡ್ಕೊಂಡು. ಆಮೇಲೆ ತಮಟೆ ಬಗಲಿಗೆ ಹಾಕ್ಕೊಂಡು ನಡ್ಕೊಂಡೇ ಊರಿಗೆ ಹೋದ. ಬಸ್ ಚಾರ್ಜು ನನ್ನ ಜೇಬಲ್ಲಿತ್ತು.

ಇಷ್ಟು ವರ್ಷ ನಾನು ಈ ಕತೆ ಹೇಳುವಾಗೆಲ್ಲ ತತ್ವದ ಜಗಳ ಅಂತಲೇ ಹೇಳಿದ್ದೀನಿ. ಪೂರ್ತಿ ಸುಳ್ಳಲ್ಲ. ಆದ್ರೆ ಅವನಿಗೆ ಆಗ ಮನೇಲಿ ಅಪ್ಪ ಹಾಸಿಗೆ ಹಿಡಿದಿದ್ದ, ತಂಗಿ ಮದುವೆ ಸಾಲ ಇತ್ತು, ನನಗದು ಗೊತ್ತಿತ್ತು. ಗೊತ್ತಿದ್ದೂ ಅಂದೆ. ಕಾರ್ಯಕ್ರಮ ಮುಗಿದಾಗ ಜನ ಅವನ ಕೈ ಕುಲುಕೋರು, ಪದ ಬರೆದ ನನ್ನನ್ನ ಯಾರೂ ಕೇಳ್ತಿರಲಿಲ್ಲ. ಆ ಹೊಟ್ಟೆಕಿಚ್ಚೂ ಆ ಮಾತಲ್ಲಿತ್ತು. ಇದನ್ನ ಇವತ್ತು ಮೊದಲನೇ ಸಲ ಬರೀತಿದ್ದೀನಿ.

ಆಡಿಯೋಸ್ಲೇವ್ ಒಡೆದ ಮೇಲೆ ಎಲ್ಲರೂ ಅವರವರ ದಾರಿ ಹಿಡಿದ್ರು. ಕಾರ್ನೆಲ್ 2010ರಲ್ಲಿ ಸೌಂಡ್‌ಗಾರ್ಡನ್ ಮತ್ತೆ ಸೇರಿಸಿದ. ಮೊರೆಲ್ಲೊ ಒಬ್ಬನೇ ಗಿಟಾರ್ ಹಿಡ್ಕೊಂಡು 2011ರಲ್ಲಿ ವಿಸ್ಕಾನ್ಸಿನ್‌ನ ಕಾರ್ಮಿಕರ ಧರಣಿಗೆ ಹೋದ, ಅದೇ ವರ್ಷ ವಾಲ್ ಸ್ಟ್ರೀಟ್ ಆಕ್ರಮಿಸಿ ಚಳವಳಿಯವರ ಜೊತೆ ನಿಂತ. ಈ ಇಬ್ಬರನ್ನ ಮತ್ತೆ ಹತ್ರ ತಂದಿದ್ದು ಏನು ಅಂತ ನೋಡಿದ್ರೆ ನನಗೆ ಖುಷಿಯಾಗುತ್ತೆ. ಸಿಯಾಟಲ್‌ನಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಗಾಗಿ ದುಡಿಯೋ ಜನ ಹೋರಾಡಿ, 2014ರಲ್ಲಿ ನಗರಸಭೆಯಿಂದ ಕಾನೂನು ಮಾಡಿಸಿಕೊಂಡ್ರು. ಆ ಚಳವಳಿಗಾಗಿ ಸೆಪ್ಟೆಂಬರ್‌ನಲ್ಲಿ ಮೊರೆಲ್ಲೊ ಅಲ್ಲಿಗೆ ಹಾಡೋಕೆ ಹೋದಾಗ ಕಾರ್ನೆಲ್ ಬಂದು ವೇದಿಕೆ ಹತ್ತಿದ. ಏಳು ವರ್ಷದ ಮುನಿಸು ಕೂಲಿಯವರ ಸಭೆಯಲ್ಲಿ ಕರಗ್ತು.

ಆಮೇಲೆ ಟ್ರಂಪ್ ಗೆದ್ದ. 2017ರ ಜನವರಿ 20, ವಾಷಿಂಗ್ಟನ್‌ನಲ್ಲಿ ಪ್ರಮಾಣವಚನ. ಅದೇ ರಾತ್ರಿ ಲಾಸ್ ಏಂಜಲೀಸ್‌ನ ಟೆರಗ್ರಾಮ್ ಬಾಲ್‌ರೂಮ್ ಅನ್ನೋ ಸಣ್ಣ ಸಭಾಂಗಣದಲ್ಲಿ ಅದಕ್ಕೆ ವಿರುದ್ಧವಾಗಿ ಒಂದು ಕಾರ್ಯಕ್ರಮ. ಮೊರೆಲ್ಲೊ, ಕಾಮರ್ಫೋರ್ಡ್, ವಿಲ್ಕ್ ಆಗ ಪಬ್ಲಿಕ್ ಎನಿಮಿಯ ಚಕ್ ಡಿ, ಸೈಪ್ರೆಸ್ ಹಿಲ್‌ನ ಬಿ-ರಿಯಲ್ ಜೊತೆ ಪ್ರಾಫೆಟ್ಸ್ ಆಫ್ ರೇಜ್ ಅಂತ ಇನ್ನೊಂದು ತಂಡ ಕಟ್ಟಿದ್ರು. ಕಾರ್ಯಕ್ರಮ ಅವರದೇ. ಅಲ್ಲಿಗೆ ಕಾರ್ನೆಲ್ ಬಂದ. 2005ರ ನಂತರ ಮೊದಲನೇ ಸಲ ಆ ನಾಲ್ವರು ಒಂದೇ ವೇದಿಕೆ ಮೇಲೆ. 'ಕೊಚೀಸ್', 'ಲೈಕ್ ಎ ಸ್ಟೋನ್', 'ಶೋ ಮಿ ಹೌ ಟು ಲಿವ್'. ಮೂರೇ ಮೂರು ಹಾಡು.

ಆ ವಿಡಿಯೋ ಈ ಒಂಬತ್ತು ರಾತ್ರಿಯಲ್ಲಿ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಯಾರೋ ಫೋನಲ್ಲಿ ಹಿಡಿದಿದ್ದು, ಕೈ ಅಲುಗಾಡುತ್ತೆ. ನಾನು ಅದರಲ್ಲಿ ಒಂದೇ ಒಂದನ್ನ ಹುಡುಕ್ತಿದ್ದೆ. ಇವರು ಒಬ್ಬರಿಗೊಬ್ಬರು ಕ್ಷಮೆ ಕೇಳಿದ್ರಾ? ಹತ್ತು ವರ್ಷದ ಹಿಂದಿನ ಲೆಕ್ಕ ಚುಕ್ತಾ ಮಾಡ್ಕೊಂಡ್ರಾ? ಅಂಥದ್ದೇನೂ ಕಾಣಲಿಲ್ಲ. ಬಂದ್ರು, ನಿಂತ್ರು, ವಿಲ್ಕ್ ಕೋಲು ಎತ್ತಿದ, ಶುರುವಾಯ್ತು.

ನಾಲ್ಕು ತಿಂಗಳು ಆಗಿರಲಿಲ್ಲ. ಮೇ 17ರ ರಾತ್ರಿ ಡೆಟ್ರಾಯಿಟ್ ನಗರದಲ್ಲಿ ಸೌಂಡ್‌ಗಾರ್ಡನ್ ಜೊತೆ ಹಾಡಿ ಹೋಟೆಲಿಗೆ ಹೋದ ಕಾರ್ನೆಲ್ ಬೆಳಗಾಗೋದ್ರೊಳಗೆ ತೀರ್ಕೊಂಡಿದ್ದ. ಆತ್ಮಹತ್ಯೆ ಅಂತ ಅಲ್ಲಿನ ವೈದ್ಯಾಧಿಕಾರಿಗಳು ಹೇಳಿದ್ರು. 52 ವರ್ಷ. ಮನಸ್ಸಿನ ಕುಸಿತದ ಬಗ್ಗೆ ಅವನು ಮುಂಚಿನಿಂದಲೂ ಮುಚ್ಚುಮರೆಯಿಲ್ಲದೆ ಮಾತಾಡಿದ್ದ. ಹಾಸ್ಟೆಲಲ್ಲಿ ನಾನು 'ರಾಜಿ' ಅಂದಿದ್ದ ಆ ರಾತ್ರಿಯ ಹಾಡುಗಳನ್ನ ಅವನು ಯಾವ ಜಾಗದಲ್ಲಿ ನಿಂತು ಬರೀತಿದ್ದ ಅನ್ನೋದು ಅವತ್ತು ತಲೆಗೆ ಹತ್ತಿತು. ಕೊಹಿಮಾದ ಗೆಳೆಯನಿಗೆ ಫೋನ್ ಮಾಡಿದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಸಂಗಾತಿಗಳೇ, ನಮ್ಮ ನಡುವೆಯೂ ಹಗಲು ಮೈಕ್ ಹಿಡಿದು ಗುಡುಗೋರು ರಾತ್ರಿ ಹೇಗಿರ್ತಾರೆ ಅಂತ ನಾವು ಕೇಳಲ್ಲ. ಕೇಳಿ. ಫೋನ್ ಮಾಡಿ ಊಟ ಆಯ್ತಾ ಅಂತಾದ್ರೂ ಕೇಳಿ.

2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾರ್ನೆಲ್ ನೆನಪಿಗೆ ದೊಡ್ಡ ಕಛೇರಿ ನಡೀತು. ಉಳಿದ ಮೂವರು ಅವರ ಹಾಡು ಬಾರಿಸಿದ್ರು. ಹಾಡೋಕೆ ಒಂದೊಂದಕ್ಕೆ ಒಬ್ಬೊಬ್ಬರು ಬೇರೆಯವರು ಬಂದ್ರು. ಚೆನ್ನಾಗೇ ಹಾಡಿದ್ರು. ಆದ್ರೆ ಒಂದು ದನಿಯ ಜಾಗ ತುಂಬೋಕೆ ಎಷ್ಟು ಜನ ಬೇಕಾಯ್ತು ನೋಡಿ. ರೇಜ್ ಕತೆಯೂ ಸುಖಾಂತ್ಯವಲ್ಲ. 2023ರ ನವೆಂಬರ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಕೊಟ್ಟಾಗ ತಗೊಳ್ಳೋಕೆ ಬಂದವನು ಮೊರೆಲ್ಲೊ ಒಬ್ಬನೇ. ಉಳಿದ ಮೂವರೂ ಬದುಕಿದ್ರು, ಬರಲಿಲ್ಲ.

ಈ ಕತೆ ಓದ್ತಾ ನಿಮಗೆ ಏನು ನೆನಪಾಗ್ತಿರಬಹುದು ಅಂತ ನನಗೆ ಗೊತ್ತು. 1970ರ ದಶಕದಲ್ಲಿ ಹುಟ್ಟಿದ ನಮ್ಮ ದಲಿತ ಸಂಘರ್ಷ ಸಮಿತಿ ಎಷ್ಟು ಬಣ ಆಯ್ತು ಅಂತ ಲೆಕ್ಕ ಹಾಕೋಕೆ ಹೋದ್ರೆ ಅದಕ್ಕೂ ಜಗಳ ಆಗುತ್ತೆ. 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಹಲವು ಬಣಗಳು ಒಂದೇ ವೇದಿಕೆಗೆ ಬಂದಾಗ ಎಷ್ಟೋ ಹಿರಿಯರ ಕಣ್ಣು ತುಂಬಿತ್ತು. ಆದ್ರೆ ಅದನ್ನ ನೋಡೋಕೆ ಬಿ. ಕೃಷ್ಣಪ್ಪನವರು ಇರಲಿಲ್ಲ, ಅವರು 1997ರಲ್ಲೇ ಹೋದ್ರು. ಸಿದ್ಧಲಿಂಗಯ್ಯನವರೂ ಇರಲಿಲ್ಲ, 2021ರಲ್ಲಿ ಕೋವಿಡ್ ಅವರನ್ನ ಕಿತ್ಕೊಂಡಿತ್ತು. ನಾವು ಒಂದಾಗೋದು ತಡ ಮಾಡಿದಷ್ಟೂ ವೇದಿಕೆ ಮೇಲೆ ಫೋಟೋಗಳು ಹೆಚ್ಚಾಗ್ತವೆ, ಮನುಷ್ಯರು ಕಮ್ಮಿ ಆಗ್ತಾರೆ.

ಒಡಕು ಎಲ್ಲ ತಪ್ಪು ಅಂತ ನಾನು ಹೇಳಲ್ಲ. ಕೆಲವು ಸಲ ಬಿಟ್ಟು ಬರಲೇಬೇಕಾಗುತ್ತೆ. ಆಡಿಯೋಸ್ಲೇವ್ ಶಾಶ್ವತವಾಗಿ ಇರಬೇಕಿತ್ತು ಅಂತಲೂ ಅಲ್ಲ. ಆದ್ರೆ ಮತ್ತೆ ಸೇರೋಕೆ ಹಳೇ ಲೆಕ್ಕ ಎಲ್ಲ ತೀರಬೇಕು ಅಂತ ಕೂತ್ರೆ ಯಾವತ್ತೂ ಸೇರೋಕಾಗಲ್ಲ. ಆ ನಾಲ್ವರಿಗೆ ಅವತ್ತು ಪೂರ್ತಿ ಒಮ್ಮತ ಇರಲಿಲ್ಲ. ಒಂದು ರಾತ್ರಿಗೆ, ಮೂರು ಹಾಡಿಗೆ ಸಾಕಾಗೋವಷ್ಟು ಇತ್ತು. ಅಷ್ಟನ್ನ ಅವರು ಬಳಸಿಕೊಂಡ್ರು. ಇನ್ನೊಂದು ನಾಲ್ಕು ತಿಂಗಳು ಬಿಟ್ಟು ನೋಡಾಣ ಅಂದಿದ್ರೆ ಅದೂ ಆಗ್ತಿರಲಿಲ್ಲ.

ನಿನ್ನೆ ರಾತ್ರಿ ಹತ್ತೂವರೆಗೆ ಹಾಡುಗಾರನಿಗೆ ಫೋನ್ ಮಾಡಿದೆ. ನಂಬರು ತಮಟೆ ಅಣ್ಣನ ಹೆಂಡ್ತಿ ಕೊಟ್ರು. ಎತ್ತಿದ. ನಾನು ಹೆಸರು ಹೇಳಿದೆ. ಸುಮಾರು ಹೊತ್ತು ಆ ಕಡೆಯಿಂದ ಟಿ.ವಿ. ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ ಅದೂ ನಿಂತಿತು, ಆಫ್ ಮಾಡಿದ ಅಂತ ಕಾಣುತ್ತೆ.

"ಅವತ್ತು ನಾನು ಹಂಗೆ ಅನ್ಬಾರ್ದಿತ್ತು" ಅಂದೆ.

"ಅದಿರ್ಲಿ ಬಿಡಪ್ಪ" ಅಂದ. ಒಂದು ಸಲ ಕೆಮ್ಮಿದ. "ಗಂಟ್ಲು ಮೊದ್ಲಿನಂಗಿಲ್ಲ ಕಣೋ. ಮೇಲಕ್ಕೆ ಹೋಗಲ್ಲ."

"ಕೆಳಗೇ ಹಾಡು" ಅಂದೆ.

"ಎಷ್ಟು ಹಾಡು?"

"ಮೂರು ಸಾಕು."

"ಪದ ಮರ್ತೋಗದೆ. ಬರ್ಕೊಂಡು ಬಾ" ಅಂದ. ಫೋನ್ ಇಟ್ಟ.

ಬೆಳಗ್ಗೆಯಿಂದ ಹಳೇ ನೋಟ್‌ಬುಕ್ ಹುಡುಕ್ತಿದ್ದೆ. ಟ್ರಂಕಿನ ತಳದಲ್ಲಿ ಸಿಕ್ತು. ಎರಡು ಹಾಡು ಪೂರ್ತಿ ಇದೆ, ಮೂರನೇದರ ಕೊನೇ ನುಡಿ ಗೆದ್ದಲು ತಿಂದಿದೆ. ಅದು ಅವನಿಗೆ ಬಾಯಿಪಾಠ ಇದ್ದೇ ಇರುತ್ತೆ, ಹಾಡ್ತಾ ಹಾಡ್ತಾ ಬರುತ್ತೆ. ತಮಟೆ ಅಣ್ಣನಿಗೆ ಬಲಗೈ ಚೆನ್ನಾಗೇ ಇದೆ. ಬಲಗೈ ಏಟು ಅವನದು, ಎಡಗೈ ಏಟು ಅವನ ಮಗನದು ಅಂತ ಮಾತಾಗಿದೆ.

ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ, ಸಂಜೆ ಆರು ಗಂಟೆ, ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ. ಬ್ಯಾನರ್ ಇರಲ್ಲ. ಯಾವ ಬಣದವರಾದ್ರೂ ಬನ್ನಿ. ಊಟ ಇದೆ.

ಜೈ ಭೀಮ್.